ಅಪ್ಪನ ‘ಇನ್ನೊಂದು ಸಲ’ ಕ್ಯಾಸೆಟ್‌ಗಳು ಮತ್ತು ಒಂದು ಯುಎಸ್‌ಬಿ ವಿಡಿಯೊ ಕ್ಯಾಪ್ಚರ್

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳಿವೆಯಾ? ಅದರೊಳಗೆ ನಿಮ್ಮ ಬಾಲ್ಯ ಇದ್ದು, ಅದನ್ನು ಯಾರಿಗೂ ತೋರಿಸುವ ಮನಸ್ಸು ನಿಮಗಿಲ್ಲವಾ? ಹಾಗಿದ್ದರೆ ಈ ವಿಮರ್ಶೆ ನಿಮಗಾಗಿಯೇ.

ಸಾಧನದ ಹೆಸರು ಯುಎಸ್‌ಬಿ ವಿಡಿಯೊ ಕ್ಯಾಪ್ಚರ್. ಆನ್‌ಲೈನ್‌ನಲ್ಲಿ ‘ಈಸಿಕ್ಯಾಪ್’ ಅಂತ ಹುಡುಕಿದರೂ ಸಿಗುತ್ತದೆ. ಆ ಹೆಸರಿನಲ್ಲಿ ಯಾರ್ಯಾರೋ ಮಾಡಿ ಮಾರುತ್ತಾರೆ. ನನಗೆ ಬಂದ ಡಬ್ಬಿಯ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಒಂದು ತುದಿಗೆ ವಿಸಿಆರ್‌ನಿಂದ (ಕ್ಯಾಸೆಟ್ ಓಡಿಸುವ ಯಂತ್ರದಿಂದ) ಬರುವ ಹಳದಿ, ಬಿಳಿ, ಕೆಂಪು ವೈರುಗಳು. ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ನಾನು ಕೊಂಡದ್ದು ಸಾವಿರ ರೂಪಾಯಿಯ ಒಳಗೆ. ಇದರ ಕೆಲಸ ಇಷ್ಟೇ: ಕ್ಯಾಸೆಟ್ ಓಡುತ್ತಿರುವಾಗ ಬರುವ ಚಿತ್ರವನ್ನೂ ಸದ್ದನ್ನೂ ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬದಲಾಯಿಸಿ ಒಳಗೆ ಕಳಿಸುವುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಅವಸರ ಮಾಡಿಸಲು ಆಗುವುದಿಲ್ಲ. ಮೂರು ಗಂಟೆಯ ಕ್ಯಾಸೆಟ್ ಅಂದರೆ ಮೂರು ಗಂಟೆ ಓಡಲೇಬೇಕು. ಪೆನ್‌ಡ್ರೈವ್‌ನಿಂದ ಫೈಲ್ ಎಳೆದು ಹಾಕಿದ ಹಾಗಲ್ಲ. ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಇದನ್ನೇ ದೊಡ್ಡ ದೂರಾಗಿ ಹೇಳಿರುವುದನ್ನು ಓದಿದೆ. ನನ್ನ ಮಟ್ಟಿಗೆ ಈ ಸಾಧನ ಮಾಡಿದ ದೊಡ್ಡ ಉಪಕಾರವೇ ಅದು. ಯಾಕೆ ಅಂತ ಹೇಳಬೇಕಾದರೆ ನಮ್ಮಪ್ಪನ ಬಗ್ಗೆ ಸ್ವಲ್ಪ ಹೇಳಬೇಕು.

ಅಪ್ಪ ತಿಪಟೂರಿನಲ್ಲಿ ಮದುವೆ ವಿಡಿಯೊ ತೆಗೆಯುತ್ತಿದ್ದರು. 1988ರಲ್ಲಿ ಸಾಲ ಮಾಡಿ ಕ್ಯಾಮೆರಾ ತಂದರು. ಪೂರ್ತಿ ವಿಎಚ್‌ಎಸ್ ಕ್ಯಾಸೆಟ್ಟೇ ಒಳಗೆ ಕೂರುವ, ಹೆಗಲ ಮೇಲೆ ಹೊರುವ ದೊಡ್ಡ ಪ್ಯಾನಾಸೋನಿಕ್. ಅದರ ಜೊತೆ ಕಣ್ಣು ಕುಕ್ಕುವ ಸನ್‌ಗನ್ ಲೈಟು, ಅದನ್ನು ಹಿಡಿಯಲು ಒಬ್ಬ ಹುಡುಗ, ಮಾರುಗಟ್ಟಲೆ ವೈರು. ಛತ್ರದಲ್ಲಿ ಆ ಲೈಟು ಪಂಕ್ತಿಯ ಮೇಲೆ ಬಿದ್ದರೆ ಸಾಕು, ಊಟಕ್ಕೆ ಕೂತವರು ಅನ್ನ ಕಲಸುವುದನ್ನು ಬಿಟ್ಟು ನೆಟ್ಟಗೆ ಕೂರುತ್ತಿದ್ದರು.

ಮದುವೆಮನೆಯಲ್ಲಿ ವಿಡಿಯೊದವರಿಗೆ ಒಂದು ಸಂಕಟ ಇರುತ್ತದೆ. ‘ಇನ್ನೊಂದು ಸಲ’ ಅನ್ನುವ ಹಾಗಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಯಾರದೋ ತಲೆ ಅಡ್ಡ ಬಂದರೆ ಮುಗಿಯಿತು. ಪುರೋಹಿತರು ತಾಳಿಯನ್ನು ಎರಡು ಸಲ ಕಟ್ಟಿಸುತ್ತಾರಾ? ಆ ಆಸೆಯನ್ನೆಲ್ಲ ಅಪ್ಪ ಮನೆಯಲ್ಲಿ ತೀರಿಸಿಕೊಂಡರು.

ನಮ್ಮ ಮನೆಯಲ್ಲಿ ಎಲ್ಲವೂ ಎರಡು ಸಲ ನಡೆಯುತ್ತಿತ್ತು. ಅರಸೀಕೆರೆಯಿಂದ ರೈಲಿನಲ್ಲಿ ಬಂದ ಸೋದರಮಾವ ಸೂಟ್‌ಕೇಸ್ ಇಟ್ಟು ಉಸ್ಸಪ್ಪಾ ಅಂತ ಕೂತಿರುತ್ತಿದ್ದರು. ಅಪ್ಪ ಕ್ಯಾಮೆರಾ ಹೊತ್ತು ಬಂದು, “ಭಾವ, ಬೇಜಾರು ಮಾಡ್ಕೋಬೇಡಿ, ಗೇಟಿಂದ ಇನ್ನೊಂದು ಸಲ ಬನ್ನಿ” ಅನ್ನುತ್ತಿದ್ದರು. ಮಾವ ಸೂಟ್‌ಕೇಸ್ ಎತ್ತಿಕೊಂಡು ಹೊರಗೆ ಹೋಗಿ ಮತ್ತೆ ಬರುತ್ತಿದ್ದರು. ನಾವು ಮತ್ತೆ “ಮಾವ ಬಂದ್ರು!” ಅಂತ ಓಡಬೇಕಿತ್ತು. ಯುಗಾದಿಗೆ ಬೇವು ಬೆಲ್ಲ ಎರಡು ಸಲ. ಎರಡನೇ ಸಲ ಬೇವು ಜಾಸ್ತಿ, ಮುಖ ಕಹಿಯಾಗುವುದು ಕಾಣಲಿ ಅಂತ. ಬೆಳಿಗ್ಗೆ ಎದ್ದು ಕೂತ ಅಜ್ಜಿಗೆ “ಅಮ್ಮ, ಮತ್ತೆ ಮಲಗು, ಕಿಟಕಿ ಬೆಳಕು ಈಗ ಚೆನ್ನಾಗಿದೆ” ಅನ್ನುತ್ತಿದ್ದರು. ಅಜ್ಜಿಯ ಉತ್ತರ ಕ್ಯಾಸೆಟ್ಟಿನಲ್ಲಿ ಹಾಗೇ ಇದೆ: “ನಾನು ಸತ್ತಾಗ್ಲೂ ಇನ್ನೊಂದು ಸಲ ಅಂತೀಯೇನೋ?” ಹಾಗಂದು ಅಜ್ಜಿ ಮಲಗುತ್ತಾರೆ. ಕಣ್ಣು ಮುಚ್ಚುತ್ತಾರೆ. ಒಂದು ಕ್ಷಣ ಬಿಟ್ಟು ಬಹಳ ಚೆನ್ನಾಗಿ ಆಕಳಿಸಿ ಏಳುತ್ತಾರೆ.

ಈಗ ತಲೆ ಬೋಳಿಸಿದ ಕ್ಯಾಸೆಟ್ ಬಗ್ಗೆ. ಅದಕ್ಕೆ ಹೆದರಿಯೇ ನಾನು ಇಷ್ಟು ವರ್ಷ ಆ ಡಬ್ಬಗಳನ್ನು ಮುಟ್ಟಿರಲಿಲ್ಲ.

1991. ನನಗೆ ಎಂಟು ವರ್ಷ. ಅಮ್ಮನ ಒಂದು ಹರಕೆ ಇತ್ತು. ತಿರುಪತಿಗೆ ಕರೆದುಕೊಂಡು ಹೋಗಿ ನನ್ನ ಮುಡಿ ಕೊಡಿಸಿಕೊಂಡು ಬಂದರು. ಅಪ್ಪ ಆ ದಿನಗಳಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದರು, ಬರಲಾಗಲಿಲ್ಲ. ನಾವು ವಾಪಸ್ ಬಂದಾಗ ನನ್ನ ತಲೆ ಸವರಿ ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಮಗಳ ಮುಡಿ ಕೊಟ್ಟದ್ದು ವಿಡಿಯೊ ಆಗಲಿಲ್ಲವಲ್ಲ ಅನ್ನುವ ದುಃಖ ಅದು, ನಿಜವಾದ ದುಃಖ. ಮಾರನೇ ಬೆಳಿಗ್ಗೆ ನಮ್ಮ ಬೀದಿಯ ಕ್ಷೌರದಂಗಡಿಯವರನ್ನು ಮನೆಗೇ ಕರೆದುಕೊಂಡು ಬಂದರು. ಹಿತ್ತಲಲ್ಲಿ ಮಣೆ ಹಾಕಿದರು. ಬೋಳಾಗಿದ್ದ ನನ್ನ ತಲೆಯನ್ನು ಅವರು ಬ್ಲೇಡಿಲ್ಲದ ಕತ್ತಿಯಲ್ಲಿ ಇನ್ನೊಂದು ಸಲ ಬೋಳಿಸಬೇಕು.

ಕೂದಲು ಬೀಳದಿದ್ದರೆ ಯಾರು ನಂಬುತ್ತಾರೆ? ತಿಪಟೂರಿನಲ್ಲಿ ತೆಂಗಿನ ನಾರಿಗೆ ಬರವಿಲ್ಲ. ಲೈಟ್ ಹುಡುಗ ಮೇಲಿನಿಂದ ನಾರು ಉದುರಿಸುವುದು, ಕೆಳಗೆ ಕತ್ತಿ ಆಡಿಸುವುದು, ಪಕ್ಕದಲ್ಲಿ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವುದು. ಒಂದು ಟೇಕಿನಲ್ಲಿ ನಾರೆಲ್ಲ ಕ್ಷೌರದವರ ತಲೆ ಮೇಲೆ ಬಿತ್ತು. ಇನ್ನೊಂದರಲ್ಲಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಕ್ಷೌರದವರು ಕತ್ತಿ ಕೆಳಗಿಟ್ಟು, “ಸ್ವಾಮಿ, ಇಲ್ಲದ ಕೂದಲನ್ನ ಎಷ್ಟು ಸಲ ತೆಗೀಲಿ?” ಅಂದರು.

ಇದು ಮನೆಯಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಅಪ್ಪ ಇದನ್ನು ಬೆಂಗಳೂರಿಗೆ ಒಯ್ದು ಮಿಕ್ಸಿಂಗ್ ಮಾಡಿಸಿದರು. ಪರದೆ ನಾಲ್ಕು ಭಾಗವಾಗಿ, ನಾಲ್ಕರಲ್ಲೂ ನನ್ನ ಬೋಳು ತಲೆ ಸುತ್ತುತ್ತಿತ್ತು. ಹಿಂದೆ ಒಂದು ಭಕ್ತಿಗೀತೆ. ಅಷ್ಟು ಚೆನ್ನಾಗಿ ಬಂದಿದೆ ಅಂತ ಅದನ್ನೇ ಅಂಗಡಿಯ ಸ್ಯಾಂಪಲ್ ಕ್ಯಾಸೆಟ್ ಮಾಡಿದರು. ಮದುವೆ, ನಾಮಕರಣ, ಗೃಹಪ್ರವೇಶ, ಏನೇ ಮಾತಾಡಲು ಬಂದವರಿಗೂ ಮೊದಲು ನನ್ನ ತಲೆ ತೋರಿಸುತ್ತಿದ್ದರು. ನಮ್ಮ ತರಗತಿಯ ಅರ್ಧ ಮಕ್ಕಳ ಮನೆಯವರು ಒಂದಲ್ಲ ಒಂದು ಕೆಲಸಕ್ಕೆ ಆ ಅಂಗಡಿಗೆ ಬಂದವರೇ. ತಿಪಟೂರು ಕೊಬ್ಬರಿಯ ಊರು. ಚಿಪ್ಪಿನೊಳಗೇ ಒಣಗಿ ಇಡಿಯಾಗಿ ಹೊರಬರುವ ಉಂಡೆ ಕೊಬ್ಬರಿ ಅಲ್ಲಿನ ಮಾರುಕಟ್ಟೆಯ ಹೆಸರುವಾಸಿ ಸರಕು. ನನಗೆ ಶಾಲೆಯಲ್ಲಿ ಯಾವ ಹೆಸರು ಬಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆ ವರ್ಷದ ಆಗಸ್ಟ್ 15ಕ್ಕೆ, ತಲೆ ಹೇಗೂ ತಯಾರಿದೆ ಅಂತ ನನಗೇ ಗಾಂಧೀಜಿ ವೇಷ ಹಾಕಿಸಿದರು. ಅಲ್ಲಿಗೂ ಅಪ್ಪ ಕ್ಯಾಮೆರಾ ಹೊತ್ತು ಬಂದರು. ಬಾವುಟ ಇನ್ನೊಂದು ಸಲ ಹಾರಿಸಬಹುದಾ ಅಂತ ಹೆಡ್‌ಮಾಸ್ಟರನ್ನು ಕೇಳಿದರು. ಅವರು ಕೊಟ್ಟ ನೋಟ ನನಗೆ ಇನ್ನೂ ಮರೆತಿಲ್ಲ.

ಕೂದಲು ಬೆಳೆಯಿತು. ಹೆಸರು ಮಾತ್ರ ಹೈಸ್ಕೂಲಿನವರೆಗೂ ಬಂತು. ಕಾಲೇಜಿಗೆ ತುಮಕೂರಿಗೆ ಹೋದಾಗ ಅಲ್ಲಿ ಯಾರಿಗೂ ನನ್ನ ತಲೆಯ ಕಥೆ ಗೊತ್ತಿಲ್ಲ ಅನ್ನುವುದೇ ನನಗೆ ದೊಡ್ಡ ನೆಮ್ಮದಿ. ಅಪ್ಪ ಅಂಗಡಿ ಮುಚ್ಚಿ, ಅಮ್ಮನ ಜೊತೆ ಬೆಂಗಳೂರಿನ ನಮ್ಮ ಮನೆಗೆ ಬಂದಾಗ ಕ್ಯಾಸೆಟ್ ಡಬ್ಬಗಳೂ ಬಂದವು. ಅಟ್ಟ ಸೇರಿದವು.

ನನ್ನ ಮಗಳಿಗೆ ಈಗ ಅದೇ ವಯಸ್ಸು. ಶಾಲೆಯ ಕಾರ್ಯಕ್ರಮವೊಂದರಲ್ಲಿ ಮಾತು ಮರೆತು ನಿಂತದ್ದನ್ನು ಯಾರೋ ಫೋನಿನಲ್ಲಿ ತೆಗೆದು ಪೋಷಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಮಗು ಊಟ ಬಿಟ್ಟಿತು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಟ್ಟ ಹತ್ತಿ ಡಬ್ಬ ಇಳಿಸಿದೆ. ಈ ಸಾಧನ ತರಿಸಿದ್ದು ಹಾಗೆ.

ಈಗ ಕೊಳ್ಳುವವರಿಗೆ ಬೇಕಾದ ವಿಷಯ. ನಿಜವಾದ ಕಷ್ಟ ಈ ಡಬ್ಬಿಯದಲ್ಲ, ವಿಸಿಆರ್‌ನದು. ಜೆವಿಸಿಯವರು ಜಪಾನಿನಲ್ಲಿ 1976ರಲ್ಲಿ ವಿಎಚ್‌ಎಸ್ ತಂದರು. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಹಾಗಾಗಿ ಈಗ ಸಿಗುವುದೆಲ್ಲ ಹಳೆಯದೇ. ಅಪ್ಪನ ವಿಸಿಆರ್ ಇತ್ತು, ಆದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿ ಕ್ಯಾಸೆಟ್ ಒಳಗೆ ಹೋಗುತ್ತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ ಇಂಥದ್ದನ್ನು ರಿಪೇರಿ ಮಾಡುವ ಹಿರಿಯರು ಇನ್ನೂ ಸಿಗುತ್ತಾರೆ. ಮೊದಲು ವಿಸಿಆರ್ ಓಡುತ್ತದಾ ನೋಡಿಕೊಳ್ಳಿ, ಆಮೇಲೆ ಸಾಧನ ಕೊಳ್ಳಿ.

ಕ್ಯಾಸೆಟ್ಟನ್ನು ನೇರ ಹಾಕಿ ಓಡಿಸಬೇಡಿ. ಮುಚ್ಚಳ ಎತ್ತಿ ಟೇಪಿನ ಅಂಚು ನೋಡಿ. ಕಿಟಕಿಯಿಂದ ಸುರುಳಿಯನ್ನೂ ನೋಡಿ. ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಓಡಿಸಿದರೆ ವಿಸಿಆರ್‌ನಲ್ಲಿ ಟೇಪನ್ನು ಓದುವ ಹೆಡ್ ಕೆಡುತ್ತದೆ, ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಅಂಥವನ್ನು ಬೇರೆ ಇಡಿ. ಚೆನ್ನಾಗಿರುವುದನ್ನು ಒಮ್ಮೆ ಕೊನೆಯವರೆಗೆ ಫಾರ್ವರ್ಡ್ ಮಾಡಿ, ರಿವೈಂಡ್ ಮಾಡಿ. ವರ್ಷಗಟ್ಟಲೆ ಒಂದಕ್ಕೊಂದು ಒತ್ತಿಕೊಂಡಿದ್ದ ಟೇಪು ಸಡಿಲವಾಗುತ್ತದೆ. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಕಾಲು ಕಿಲೋಮೀಟರಿಗಿಂತ ಉದ್ದದ ಟೇಪು ಇರುತ್ತದೆ. ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳಬಹುದು. ಹಿಂಬದಿಯ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ, ಅದನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಮುರಿದ ಜಾಗಕ್ಕೆ ಸೆಲ್ಲೋಟೇಪು ಅಂಟಿಸಿ ಮತ್ತೆ ರೆಕಾರ್ಡ್ ಮಾಡುವ ರೂಢಿ ಆಗ ಇತ್ತು. ಅಪ್ಪನ ಕ್ಯಾಸೆಟ್ಟುಗಳ ಮೇಲೆ ಆ ಸೆಲ್ಲೋಟೇಪು ಇತ್ತು. ಒಂದೊಂದಾಗಿ ಕಿತ್ತೆ.

ಸಾಧನದ ಜೊತೆ ಒಂದು ಸಿ.ಡಿ. ಬರುತ್ತದೆ. ಸಿ.ಡಿ. ಹಾಕುವ ಜಾಗವೇ ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಅದನ್ನು ಮರೆತುಬಿಡಿ. ಒಬಿಎಸ್ ಸ್ಟುಡಿಯೊ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಡ್ರೈವರ್ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕದೆ ನೇರ ಓಡುವ ಮಾದರಿಯನ್ನೇ ಆರಿಸಿ. ಹಳೇ ಎಲೆಕ್ಟ್ರಾನಿಕ್ ಚಿಪ್ ಇರುವವು ಈಗಿನ ವಿಂಡೋಸ್‌ನಲ್ಲಿ ತೊಂದರೆ ಕೊಡುತ್ತವೆ. ಒಬಿಎಸ್‌ನಲ್ಲಿ ಈ ಸಾಧನದ ಪ್ರಾಪರ್ಟೀಸ್‌ಗೆ ಹೋಗಿ ‘ಪಾಲ್’ ಇದೆಯಾ ನೋಡಿ. ಆ ಕಾಲದಲ್ಲಿ ನಮ್ಮ ದೇಶದ ಟಿ.ವಿ.ಯ ಪದ್ಧತಿ ಅದು, ಸೆಕೆಂಡಿಗೆ 25 ಚಿತ್ರ. ಅಲ್ಲಿ ‘ಎನ್‌ಟಿಎಸ್‌ಸಿ’ (ಅಮೆರಿಕ, ಜಪಾನಿನ ಪದ್ಧತಿ) ಅಂತ ಇದ್ದರೆ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಹೋಗುತ್ತದೆ. ಅಳತೆ 720 ಗುಣಿಸು 576 ಇಡಿ. ಓಡಾಡುವವರ ಕೈಕಾಲಿನ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡು ಕಂಡರೆ ಹೆದರಬೇಡಿ. ವಿಎಚ್‌ಎಸ್‌ನಲ್ಲಿ ಚಿತ್ರದ ಗೆರೆಗಳು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಬರುತ್ತವೆ, ಅದಕ್ಕೆ ಹೀಗೆ. ಡಿ-ಇಂಟರ್‌ಲೇಸಿಂಗ್‌ನಲ್ಲಿ ‘ಯಾಡಿಫ್’ ಆರಿಸಿದರೆ ಸರಿಹೋಗುತ್ತದೆ. ರೆಕಾರ್ಡಿಂಗ್‌ನ ಬಿಟ್‌ರೇಟ್ ಸೆಕೆಂಡಿಗೆ 6,000 ಕಿಲೋಬಿಟ್ ಇಟ್ಟರೆ ಫೈಲ್ ಗಂಟೆಗೆ ಸುಮಾರು 2.7 ಜಿಬಿ ಆಗುತ್ತದೆ. ಅಷ್ಟು ಧಾರಾಳ ಸಾಕು. ವಿಎಚ್‌ಎಸ್ ಚಿತ್ರ ಮೊದಲೇ ಮಸುಕು. ಎಷ್ಟು ದೊಡ್ಡ ಫೈಲ್ ಮಾಡಿದರೂ ಇಲ್ಲದ್ದು ಬರುವುದಿಲ್ಲ.

ಲ್ಯಾಪ್‌ಟಾಪಿನಿಂದ ಟಿ.ವಿ.ಗೆ ಒಂದು ವೈರು ಎಳೆಯಿರಿ. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಇದೇ ಮುಖ್ಯ. ಕ್ಯಾಪ್ಚರ್ ಆಗುತ್ತಿರುವುದನ್ನು ಮನೆಯವರೆಲ್ಲ ಕೂತು ನೋಡಬಹುದು. ಹೇಗೂ ಮೂರು ಗಂಟೆ ಕಾಯಲೇಬೇಕು.

ನಾವು ಹಾಗೇ ಕೂತೆವು. ಅಪ್ಪ, ಅಮ್ಮ, ಮೈಸೂರಿನಿಂದ ಬಂದ ಅಕ್ಕ, ಭಾವ, ನನ್ನ ಯಜಮಾನರು, ಮಗಳು. ನಾನು ಮೊದಲು ಆ ಸ್ಯಾಂಪಲ್ ಕ್ಯಾಸೆಟ್ಟನ್ನೇ ಹಾಕಿದೆ. ನಾಲ್ಕು ಬೋಳು ತಲೆ ಸುತ್ತಿದಾಗ ಮಗಳು ಸೋಫಾದಿಂದ ಜಾರಿ ನೆಲಕ್ಕೆ ಬಂದಳು. ನಕ್ಕು ನಕ್ಕು ಕಣ್ಣಲ್ಲಿ ನೀರು. “ಅಮ್ಮ, ಇದು ನೀನಾ? ಇದನ್ನ ಅಂಗಡೀಲಿ ಹಾಕ್ತಿದ್ರಾ? ಎಲ್ಲರಿಗೂ?” ಎಲ್ಲರಿಗೂ ಕಣೇ, ಅಂದೆ. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ತರಗತಿಯಲ್ಲಿ ಎಲ್ಲರೂ ನಕ್ಕಾಗ ಅಲ್ಲಿ ನಾನೊಬ್ಬಳೇ ಇದ್ದೆ. ಇಲ್ಲಿ ನಾರು ಉದುರಿಸಲು ಹೇಳಿದವರು, ಅಳುವ ಹಾಗೆ ನಟಿಸಿದವರು, ಎಲ್ಲ ನನ್ನ ಪಕ್ಕದಲ್ಲೇ ಕೂತಿದ್ದರು. ಅಪ್ಪ ಮಾತ್ರ ನಗಲಿಲ್ಲ. ಪರದೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ, “ನಾರು ಸ್ವಲ್ಪ ಕಪ್ಪು ಮಾಡ್ಬೇಕಿತ್ತು” ಅಂದರು.

ಆಮೇಲೆ ಅದರ ಮೂಲ ಕ್ಯಾಸೆಟ್ ಹಾಕಿದೆವು. ಇಲ್ಲಿ ಒಂದು ಸಲಹೆ. ನಿಮ್ಮಲ್ಲಿ ಮಿಕ್ಸಿಂಗ್ ಆದ ಕ್ಯಾಸೆಟ್ ಮತ್ತು ಮಿಕ್ಸಿಂಗ್‌ಗೆ ಮುಂಚಿನ ಕಚ್ಚಾ ಕ್ಯಾಸೆಟ್ ಎರಡೂ ಇದ್ದರೆ ಕಚ್ಚಾದನ್ನು ಮೊದಲು ಉಳಿಸಿಕೊಳ್ಳಿ. ಮಿಕ್ಸಿಂಗ್‌ನಲ್ಲಿ ಮೂಲ ಸದ್ದು ತೆಗೆದು ಹಾಡು ಹಾಕಿಬಿಡುತ್ತಿದ್ದರು. ಮಾತೆಲ್ಲ ಹೋಗುತ್ತಿತ್ತು. ಕಚ್ಚಾ ಕ್ಯಾಸೆಟ್ಟಿನಲ್ಲಿ ಎಲ್ಲ ಇದೆ. “ರೀ, ಹಾಲು ಉಕ್ತಾ ಇದೆ, ಬಿಡ್ರೀ ನನ್ನ” ಅನ್ನುವ ಅಮ್ಮ. ಹಿತ್ತಲ ಗೋಡೆಯಾಚೆ ಗೂಡ್ಸ್ ರೈಲಿನ ಕೂಗು. ಎಲ್ಲಕ್ಕಿಂತ ಹತ್ತಿರದಲ್ಲಿ ಅಪ್ಪನ ಉಸಿರು. ಕ್ಯಾಮೆರಾದ ಮೈಕು ಅವರ ಬಾಯಿಯ ಪಕ್ಕದಲ್ಲೇ ಇರುತ್ತಿತ್ತು. ನಮ್ಮ ಮನೆಯ ಯಾವ ಕ್ಯಾಸೆಟ್ಟಿನಲ್ಲೂ ಅಪ್ಪನ ಮುಖವಿಲ್ಲ ಅಂದುಕೊಂಡಿದ್ದೆ. ಅವರ ಉಸಿರು, ಅವರ “ಹ್ಞಾಂ... ಹಾಗೇ... ಹಾಗೇ ಇರು ಪುಟ್ಟಿ” ಎಲ್ಲದರಲ್ಲೂ ಇದೆ.

ಕಚ್ಚಾ ಕ್ಯಾಸೆಟ್ಟಿನಲ್ಲಿ ತಲೆ ಬೋಳಿಸುವ ದೃಶ್ಯದ ಆಮೇಲೂ ಸ್ವಲ್ಪ ಇತ್ತು. ಅಪ್ಪ ಕಟ್ ಅಂದಿದ್ದರು, ಗುಂಡಿ ಒತ್ತಿರಲಿಲ್ಲ. ಕ್ಯಾಮೆರಾವನ್ನು ಜಗಲಿಯ ಮೇಲೆ ಅಡ್ಡಡ್ಡ ಮಲಗಿಸಿದ್ದಾರೆ. ಹಾಗಾಗಿ ಹಿತ್ತಲು ಪೂರಾ ಪಕ್ಕಕ್ಕೆ ತಿರುಗಿದೆ, ತೆಂಗಿನಮರ ಎಡದಿಂದ ಬಲಕ್ಕೆ ಮಲಗಿದೆ. ಕ್ಷೌರದವರು ಕಾಫಿ ಲೋಟ ಹಿಡಿದು ಹಾದು ಹೋಗುತ್ತಾರೆ. ನಾನು ಮಣೆಯ ಮೇಲೇ ಇದ್ದೇನೆ, ಅಳುತ್ತಿದ್ದೇನೆ. ಅಪ್ಪನ ಕಾಲು ಬರುತ್ತದೆ. ಆಮೇಲೆ ಅಪ್ಪ ಪೂರ್ತಿ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಮೂವತ್ತೈದು ದಾಟಿರದ, ಕಪ್ಪು ಮೀಸೆಯ ಅಪ್ಪ. ನನ್ನ ಕುತ್ತಿಗೆಗೆ ಅಂಟಿದ ನಾರಿನ ಎಳೆಗಳನ್ನು ಉಫ್ ಉಫ್ ಅಂತ ಊದುತ್ತಾರೆ. ಊದಿದ್ದಕ್ಕೆ ಹೋಗದ್ದನ್ನು ಎರಡು ಬೆರಳಲ್ಲಿ ಒಂದೊಂದಾಗಿ ಹೆಕ್ಕುತ್ತಾರೆ. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ತಲೆಗೆ ಸವರುತ್ತಾರೆ. “ಉರೀತಾ ಇದ್ಯಾ?” ಅನ್ನುತ್ತಾರೆ. ನಾನು ಹೌದು ಅಂತ ತಲೆಯಾಡಿಸುತ್ತೇನೆ. “ನಾನ್ ಬರ್ಬೇಕಿತ್ತು ಕಣಮ್ಮ ತಿರುಪ್ತಿಗೆ” ಅನ್ನುತ್ತಾರೆ. ಅಷ್ಟೊತ್ತಿಗೆ ಟೇಪು ಮುಗಿದು ಪರದೆ ನೀಲಿಯಾಯಿತು.

ಇದು ನನಗೆ ನೆನಪೇ ಇರಲಿಲ್ಲ. ನಾರು ನೆನಪಿತ್ತು, ಸುತ್ತುವ ತಲೆ ನೆನಪಿತ್ತು, ಶಾಲೆಯ ಹೆಸರು ನೆನಪಿತ್ತು. ಎಣ್ಣೆ ಸವರಿದ್ದು ನೆನಪಿರಲಿಲ್ಲ. ಫಾರ್ವರ್ಡ್ ಮಾಡಿ ಬೇಕಾದಷ್ಟೇ ತೆಗೆದುಕೊಂಡಿದ್ದರೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅವಸರ ಮಾಡಿಸಲಾಗದ ಸಾಧನಕ್ಕೆ ನಾನು ಋಣಿ ಅನ್ನುವುದು ಇದಕ್ಕೆ.

ಅಕ್ಕನ ಕ್ಯಾಸೆಟ್ ಬಗ್ಗೆ ಹೇಳದಿದ್ದರೆ ಅವಳು ಬಿಡುವುದಿಲ್ಲ. 1997ರಲ್ಲಿ ಭಾವನ ಕಡೆಯವರು ಹೆಣ್ಣು ನೋಡಲು ಬಂದದ್ದು. ಅಂಬಾಸಿಡರ್ ಕಾರಿನಿಂದ ಹುಡುಗ, ಅವರಮ್ಮ, ದೊಡ್ಡಪ್ಪ, ಇಬ್ಬರು ಅತ್ತೆಯರು ಇಳಿದರು. ನಡುಮನೆಗೆ ಬಂದು ಕೂತರು. ಅಮ್ಮ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಾಗಿದೆ. ಆಗ ಅಪ್ಪನ ದನಿ, ಬಹಳ ವಿನಯದಿಂದ: “ತಪ್ಪು ತಿಳ್ಕೋಬೇಡಿ, ಕಾರಿಂದ ಇನ್ನೊಂದು ಸಲ ಇಳೀಬೇಕು. ಮೊದಲನೇದರಲ್ಲಿ ಬಿಸಿಲು ಎದುರಿಗಿತ್ತು.” ಒಂದು ಕ್ಷಣ ಯಾರೂ ಅಲ್ಲಾಡುವುದಿಲ್ಲ. ಅಕ್ಕ ಬಾಗಿಲ ಹಿಂದಿನಿಂದ “ಅಯ್ಯೋ ದೇವರೇ” ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಆಮೇಲೆ ಹುಡುಗನ ಅಮ್ಮ ಸೆರಗು ಸರಿ ಮಾಡಿಕೊಂಡು ಮೊದಲು ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಮತ್ತೆ ಕಾರು ಹತ್ತಿ ಬಾಗಿಲು ಹಾಕಿಕೊಂಡು, ಮತ್ತೆ ಇಳಿದರು. ನಮ್ಮ ಬಾಗಿಲು ಗಿಡ್ಡ. ಭಾವ ಮೊದಲನೇ ಸಲವೂ ತಲೆ ಹೊಡೆಸಿಕೊಂಡಿದ್ದರು, ಎರಡನೇ ಸಲವೂ ಹೊಡೆಸಿಕೊಂಡರು. ಬಾಗಿಲ ಹಿಂದೆ ಅಕ್ಕನ ನಗು. ಆಮೇಲೆ ಹುಡುಗನೂ ನಗುತ್ತಾರೆ. ಅಕ್ಕ ಒಪ್ಪಿದ್ದು ಆ ಕ್ಷಣದಲ್ಲೇ ಅಂತ ಇಷ್ಟು ವರ್ಷದ ಮೇಲೆ ನಮಗೆಲ್ಲ ಹೇಳಿದಳು. ಭಾವನಿಗೂ ಅದೇ ಮೊದಲು ಗೊತ್ತಾಗಿದ್ದು. ಅವರು ಹಣೆ ಸವರಿಕೊಂಡರು.

ದೋಷಗಳು ಇವೆ, ಮುಚ್ಚಿಡುವುದಿಲ್ಲ. ಟೇಪಿನಲ್ಲಿ ರೆಕಾರ್ಡ್ ನಿಂತು ಶುರುವಾದ ಜಾಗಗಳಲ್ಲಿ ಚಿತ್ರ ನೀಲಿಯಾಗುತ್ತದೆ, ಅಲ್ಲಿಂದ ಮುಂದೆ ತುಟಿಗೂ ಮಾತಿಗೂ ಹೊಂದಿಕೆ ಸ್ವಲ್ಪ ಸ್ವಲ್ಪವೇ ತಪ್ಪುತ್ತದೆ. ಉದ್ದದ ಕ್ಯಾಸೆಟ್ಟಿನಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಅಂಥ ಜಾಗ ಬಂದಾಗ ರೆಕಾರ್ಡಿಂಗ್ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ, ಸರಿಯಾಗುತ್ತದೆ. ಚಿತ್ರದ ಕೆಳ ಅಂಚಿನಲ್ಲಿ ನಡುಗುವ ಒಂದು ಪಟ್ಟಿ ಕಾಣುತ್ತದೆ, ಅದು ಸಾಧನದ ದೋಷವಲ್ಲ, ಎಲ್ಲ ವಿಎಚ್‌ಎಸ್‌ನಲ್ಲೂ ಇರುತ್ತದೆ. ಹಳೇ ಟಿ.ವಿ.ಗಳ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಜೊತೆಗೆ ಕೊಟ್ಟಿರುವ ಯುಎಸ್‌ಬಿ ವೈರು ತೀರಾ ಗಿಡ್ಡ. ಓಡುತ್ತಾ ಓಡುತ್ತಾ ಡಬ್ಬಿ ಬಿಸಿಯಾಗುತ್ತದೆ, ಒಂದು ಕ್ಯಾಸೆಟ್ ಆದ ಮೇಲೆ ತಣ್ಣಗಾಗಲು ಬಿಡಿ.

ಮಗಳು ಮಾರನೇ ದಿನ ತಾನೇ ಆ ವಾಟ್ಸ್ಯಾಪ್ ವಿಡಿಯೊ ತೆಗೆದು ತಾತನಿಗೆ ತೋರಿಸಿದಳು. ಅಪ್ಪ ಪೂರ್ತಿ ನೋಡಿ, “ತೆಗೆದೋರಿಗೆ ಕೈ ನಡುಗಿದೆ. ನೀನು ಚೆನ್ನಾಗಿ ನಿಂತಿದ್ದೀಯ. ಇನ್ನೊಂದು ಸಲ ಹೇಳು, ನಾನ್ ತೆಗೀತೀನಿ” ಅಂದರು. ಅವಳು ಹೇಳಿದಳು. ಅರ್ಧಕ್ಕೆ ಮತ್ತೆ ಮರೆತಳು. ಇಬ್ಬರೂ ನಕ್ಕರು.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಸದ್ದು ಜಾರುವುದಕ್ಕೆ ಒಂದು ಕಳೆದೆ. ಮನೆಯಲ್ಲಿ ವಿಸಿಆರ್ ಇದ್ದು, ಕ್ಯಾಸೆಟ್ ಜಾಸ್ತಿ ಇದ್ದು, ಅದರಲ್ಲಿರುವವರು ಇನ್ನೂ ನಿಮ್ಮ ಜೊತೆ ಕೂರುವ ಹಾಗಿದ್ದರೆ ಖಂಡಿತ ಕೊಳ್ಳಿ. ಮುಂದಿನ ವರ್ಷ ಅನ್ನಬೇಡಿ. ಟೇಪಿಗೂ ವಯಸ್ಸಾಗುತ್ತಿದೆ, ಅವರಿಗೂ ಆಗುತ್ತಿದೆ. ಬೂಷ್ಟು ಹಿಡಿದ ಕ್ಯಾಸೆಟ್ ಇದ್ದರೆ ಅದು ಮಾತ್ರ ಮನೆಯಲ್ಲಿ ಆಗದ ಕೆಲಸ, ಸ್ಟುಡಿಯೊಗೇ ಕೊಡಿ. ಕೊಡುವಾಗ ಒಂದು ಚೀಟಿ ಬರೆದು ಕ್ಯಾಸೆಟ್ಟಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿ: ಕೊನೆಯವರೆಗೂ ಓಡಿಸಿ, ಕ್ಯಾಮೆರಾ ಅಡ್ಡ ಬಿದ್ದಿರುವ ದೃಶ್ಯ ಇದ್ದರೂ ಕತ್ತರಿಸಬೇಡಿ.